ಗರಗಸದ ಮೋಟಾರು, ಗಣೇಶನ ವೈರು

ಕ್ಯಾತ್ಸಂದ್ರದ ನಮ್ಮ ಮನೆಯ ಹಿತ್ತಲಲ್ಲಿ ಶೀಟ್ ಹೊದಿಸಿದ ಸಣ್ಣ ಶೆಡ್ಡಿದೆ. ಅದರೊಳಗೆ ನನ್ನ ಗರಗಸದ ಮೇಜು. ಕಬ್ಬಿಣದ ಆಂಗಲ್‌ನಲ್ಲಿ ವೆಲ್ಡಿಂಗ್ ಮಾಡಿಸಿದ ಫ್ರೇಮು, ಕೆಳಗೆ ಹಳೇ 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರು, ಬೆಲ್ಟು, ಮೇಲೆ 10 ಇಂಚಿನ ಬ್ಲೇಡು. ನಾನು ಭಾನುವಾರದ ಬಡಗಿ. ಸಾಮಾನಿಗಿಂತ ಮರದ ಹೊಟ್ಟೇ ಜಾಸ್ತಿ ಮಾಡ್ತೀರಿ ಅಂತ ಮನೆಯವಳ ದೂರು.

ಹೋದ ಮಳೆಗಾಲ. ತೋಟದಲ್ಲಿ ಬಿದ್ದಿದ್ದ ಹಲಸಿನ ಮರ ಸೀಳಿಸಿ ತಂದಿದ್ದೆ. ಅಮ್ಮನಿಗೊಂದು ಮಣೆ ಮಾಡಿಕೊಡೋಣ ಅಂತ. ಮೂರು ದಿನದಿಂದ ಜಡಿಮಳೆ, ಶೆಡ್ಡಿನ ಮಣ್ಣುನೆಲ ಪಚಪಚ ಅನ್ನುತ್ತಿತ್ತು. ಮೋಟಾರು ತಿರುಗುತ್ತಿರುವಾಗಲೇ ಅಮ್ಮ ಟೀ ತಂದರು. ಲೋಟ ಇಡಲು ಬಗ್ಗಿದವರು ಇನ್ನೊಂದು ಕೈಯನ್ನು ಮೇಜಿನ ಅಂಚಿಗೆ ಊರಿದರು. ಊರಿದ ಕೈ ಹಾಗೇ ಕಿತ್ತುಕೊಂಡರು. ಟೀ ಎಲ್ಲ ಹೊಟ್ಟಿನ ಪಾಲು.

"ಇದೇನ್ಲಾ ಇದು, ಜುಮ್ ಅಂತೈತೆ!"

ನಾನೂ ಮುಟ್ಟಿ ನೋಡಿದೆ. ಏನೂ ಇಲ್ಲ. "ನರ ಹಿಡ್ಕೊಂಡಿರ್ತೈತೆ ಕಣಮ್ಮ" ಅಂದುಬಿಟ್ಟೆ. ಈಗ ನೆನೆಸಿಕೊಂಡರೆ ನಾಚಿಕೆ. ಅಮ್ಮ ಏನೂ ಅನ್ನಲಿಲ್ಲ. ನನ್ನ ಕಾಲು ನೋಡಿದರು, ತಮ್ಮ ಕಾಲು ನೋಡಿಕೊಂಡರು. ನನ್ನದರಲ್ಲಿ ರಬ್ಬರಿನ ಹವಾಯಿ ಚಪ್ಪಲಿ. ಅವರದು ಒದ್ದೆ ಬರಿಗಾಲು.

ಟೆಸ್ಟರ್ ತಂದು ಫ್ರೇಮಿಗೆ ಇಟ್ಟೆ. ಕೆಂಪಗೆ ಹೊತ್ತಿಕೊಂಡಿತು. ಅದೆಷ್ಟು ದಿನದಿಂದ ಹೀಗಿತ್ತೋ! ಪ್ಲಗ್ ಕಿತ್ತು, ಮೋಟಾರ್ ವೈಂಡಿಂಗ್ ಮಾಡುವ ಭಾಯ್‌ಗೆ ಫೋನ್ ಮಾಡಿದೆ.

ಭಾಯ್ ಬಂದವರು ಮೋಟಾರಿನ ಕಡೆ ತಿರುಗಿಯೂ ನೋಡಲಿಲ್ಲ. ವೈರ್ ಹಿಡಿದುಕೊಂಡು ಹೊರಟರು. ಹಿತ್ತಲು ದಾಟಿ, ಕಿಟಕಿಯೊಳಗೆ ನುಗ್ಗಿ, ಅಡುಗೆಮನೆಯ ಪ್ಲಗ್‌ವರೆಗೂ ಸುಮಾರು 60 ಅಡಿ.

"ಇದ್ಯಾವ ವೈರು ಸಾರ್?"

"ಗಣೇಶನ ಹಬ್ಬಕ್ಕೆ ಸೀರಿಯಲ್ ಸೆಟ್ ಹಾಕೋಕೆ ತಂದಿದ್ದು ಭಾಯ್."

"ಗಣೇಶನೇ ಕಾಪಾಡಿದಾನೆ ಬಿಡಿ."

ಮೋಟಾರಿನಿಂದ ಬಂದ ವೈರಿನಲ್ಲಿ ಅರ್ಥ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಎಳೆ, ಇತ್ತು. ಗೋಡೆಯ ಪ್ಲಗ್‌ನಲ್ಲೂ ಇತ್ತು. ನಡುವೆ ನಾನೇ ಕೈಯಾರೆ ಜೋಡಿಸಿದ ಎಕ್ಸ್‌ಟೆನ್ಷನ್ ಎರಡೇ ಎಳೆಯದ್ದು. ಮೂರು ತೂತಿನ ಬಾಕ್ಸ್ ಇಟ್ಟಿದ್ದೆ, ಮೂರನೇ ತೂತಿಗೆ ವೈರೇ ಇರಲಿಲ್ಲ. ಮೇಲಾಗಿ ಆ ವೈರು ಸಣ್ಣದು. 1 ಎಚ್‌ಪಿ ಮೋಟಾರು ಓಡುವಾಗ ಆರೇಳು ಆಂಪ್ಸ್ ಎಳೆಯುತ್ತದೆ, ಶುರುವಾಗುವಾಗ ಅದರ ಎಷ್ಟೋ ಪಟ್ಟು. ಸ್ವಿಚ್ ಹಾಕಿದರೆ ಒಂದು ಗಳಿಗೆ ಮ್ ಮ್ ಅಂತ ಗುನುಗಿ ಆಮೇಲೆ ಏಳುತ್ತಿತ್ತಲ್ಲ, ಅದು ಮೋಟಾರಿನ ವಯಸ್ಸು ಅಂದುಕೊಂಡಿದ್ದೆ. ವೋಲ್ಟೇಜ್ ದಾರಿಯಲ್ಲೇ ಸೋರಿ ಹೋಗುತ್ತಿತ್ತು. ವೋಲ್ಟೇಜ್ ಇಳಿದಾಗ ಅದೇ ಮರ ಕೊಯ್ಯಲು ಇಂಥ ಮೋಟಾರು ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ, ಇನ್ನೂ ಬಿಸಿಯಾಗುತ್ತದೆ. ಬ್ಲೇಡು ಮೊಂಡಾಗಿದ್ದರೆ ಕೇಳಲೇಬೇಡಿ. ನನ್ನದು ಮೊಂಡೇ ಆಗಿತ್ತು.

ಆಮೇಲೆ ಟರ್ಮಿನಲ್ ಬಾಕ್ಸ್ ಬಿಚ್ಚಿದರು. ಒಳಗೆ ಒಂದು ಹಿಡಿ ಹಲಸಿನ ಹೊಟ್ಟು! ಹಳದಿ ಬಣ್ಣ, ಒದ್ದೆಯಾಗಿ ಮುದ್ದೆ ಕಟ್ಟಿತ್ತು. ವೈರ್ ಒಳಗೆ ಹೋಗುವ ತೂತಿನಲ್ಲಿ ರಬ್ಬರ್ ಬಳೆ ಇರಲಿಲ್ಲ. ತಗಡಿನ ಅಂಚು ವೈರಿನ ಸಿಪ್ಪೆಯನ್ನು ಇಲಿ ಕಡಿದ ಹಾಗೆ ಕಡಿದಿತ್ತು, ಒಳಗಿನ ತಾಮ್ರ ಮಿಣಿಮಿಣಿ ಕಾಣುತ್ತಿತ್ತು. ಅಲ್ಲಿಂದ ಒದ್ದೆ ಹೊಟ್ಟು, ಹೊಟ್ಟಿನಿಂದ ಬಾಡಿ, ಬಾಡಿಯಿಂದ ಫ್ರೇಮು, ಫ್ರೇಮಿನಿಂದ ಅಮ್ಮ. ಹಿಂದಿನ ಫ್ಯಾನ್ ಮುಚ್ಚಳದ ತೂತುಗಳೂ ಮುಚ್ಚಿಹೋಗಿದ್ದವು. ಗಾಳಿ ಆಡದೆ ಮೋಟಾರು ಬೇಯುತ್ತಿತ್ತು.

"ಎಂಸಿಬಿ ಇತ್ತಲ್ಲ ಭಾಯ್, ಅದ್ಯಾಕೆ ಬೀಳಲಿಲ್ಲ?"

"ಅದು ವೈರ್ ಕಾಯೋಕೆ ಸಾರ್. ಮನುಷ್ಯರನ್ನ ಕಾಯೋಕಲ್ಲ."

ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು. ನಮ್ಮದರ ಮಿತಿ 16 ಆಂಪ್ಸ್, ಅಂದರೆ 16,000 ಮಿಲಿಆಂಪ್ಸ್. ಮೈಯಲ್ಲಿ 10 ಮಿಲಿಆಂಪ್ಸ್ ಮೇಲೆ ಹರಿದರೆ ಹಿಡಿದ ಕೈ ಬಿಡಿಸಿಕೊಳ್ಳುವುದೇ ಕಷ್ಟ. ಅಮ್ಮ ಅಂಚಿಗೆ ಬರೀ ಕೈ ಊರಿದ್ದರು, ಹಿಡಿದಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮೋಟಾರು ಭಾಯ್ ಅಂಗಡಿಗೆ ಹೋಯಿತು. ಕರೆಂಟ್ ಬಾಡಿಗೆ ಸೋರದಂತೆ ಎಷ್ಟು ತಡೆ ಇದೆ ಅಂತ ಅಳೆಯುವ ಮೆಗ್ಗರ್ ಹಚ್ಚಿದರೆ ಮುಳ್ಳು 1 ಮೆಗಾ ಓಮ್ ಕೂಡ ಮುಟ್ಟಲಿಲ್ಲ. ಕಡಿದ ವೈರ್ ಬದಲಿಸಿ, ಬ್ಲೋವರ್‌ನಲ್ಲಿ ಊದಿ, ಪೆಟ್ಟಿಗೆಯೊಳಗೆ 100 ವ್ಯಾಟ್ ಬಲ್ಬ್ ಹಾಕಿ ಎರಡು ದಿನ ಕೋಳಿಮರಿಗೆ ಕಾವು ಕೊಟ್ಟ ಹಾಗೆ ಒಣಗಿಸಿದರು. ಆಮೇಲೆ ವಾರ್ನಿಷ್. ಮತ್ತೆ ಹಚ್ಚಿದಾಗ ಮುಳ್ಳು ಸರ್ರನೆ ಏರಿತು. ಪುಣ್ಯಕ್ಕೆ ವೈಂಡಿಂಗ್ ಸುಟ್ಟಿರಲಿಲ್ಲ.

ಮನೆಯ ಬೋರ್ಡಿಗೆ ಆರ್‌ಸಿಸಿಬಿ ಹಾಕಿಸಿದೆ, 30 ಮಿಲಿಆಂಪ್ಸ್ ಸೋರಿದರೂ ಲೈನ್ ಕಡಿಯುವಂಥದ್ದು. ಹಾಕಿದ ಮಾರನೇ ಬೆಳಗ್ಗೆ ಗೀಸರ್ ಸ್ವಿಚ್ ಒತ್ತಿದರೆ ಇಡೀ ಮನೆ ಕತ್ತಲು. ಭಾಯ್ ಮೇಲೆ ರೇಗಿದೆ. ನೋಡಿದರೆ ಗೀಸರ್ ಕಾಯಿಲಿನಿಂದಲೇ ಕರೆಂಟ್ ಸೋರುತ್ತಿತ್ತು! ಸುಮ್ನೆ ಬೈದೆನಲ್ಲ ಅಂತ ಅವರಿಗೆ ತಟ್ಟೆ ಇಡ್ಲಿ ಕೊಡಿಸಬೇಕಾಯಿತು. ಗರಗಸಕ್ಕೆ ಈಗ 2.5 ಸ್ಕ್ವೇರ್ ಎಂಎಂನ ದಪ್ಪ ಮೂರೆಳೆ ವೈರು, ನೇರ ಶೆಡ್ಡಿಗೇ ಲೈನು.

ಇಡ್ಲಿ ತಿನ್ನುತ್ತಲೇ ಭಾಯ್ ಇನ್ನೊಂದು ಪ್ರಶ್ನೆ ಹಾಕಿದರು. "ಕರೆಂಟ್ ಹೋದಾಗ ಸ್ವಿಚ್ ಆಫ್ ಮಾಡ್ತೀರಾ ಸಾರ್?" ನಾನು ಸುಮ್ಮನಾದೆ. ಕರೆಂಟ್ ಹೋದರೆ ನಾನು ಮಾಡುವ ಮೊದಲ ಕೆಲಸ ಬ್ಲೇಡ್ ಸುತ್ತಲಿನ ಹೊಟ್ಟು ಕೈಯಲ್ಲಿ ಗುಡಿಸುವುದು. ಸ್ವಿಚ್ ಹಾಕಿದಂತೆಯೇ ಇರುತ್ತಿತ್ತು, ಕರೆಂಟ್ ಬಂದರೆ ಬ್ಲೇಡು ತಾನೇ ತಿರುಗುತ್ತಿತ್ತು. ಬೋರ್‌ವೆಲ್ ಸ್ಟಾರ್ಟರ್ ಆದರೆ ಕರೆಂಟ್ ಹೋದೊಡನೆ ಬಿದ್ದುಹೋಗುತ್ತದೆ, ಹಸಿರು ಬಟನ್ ಮತ್ತೆ ಒತ್ತುವವರೆಗೂ ಏಳುವುದಿಲ್ಲ. ತೋಟದಲ್ಲಿ ನಡುರಾತ್ರಿ ಹೋಗಿ ಆ ಬಟನ್ ಒತ್ತುವಾಗೆಲ್ಲ ಅದಕ್ಕೆ ಶಾಪ ಹಾಕಿದವನು ನಾನು. ಅಂಥದ್ದೇ ಒಂದು ಸಿಂಗಲ್ ಫೇಸ್ ಸ್ಟಾರ್ಟರ್ ತಂದು ಗರಗಸಕ್ಕೆ ಹಾಕಿಸಿದೆ. ಮೋಟಾರು ಜಾಸ್ತಿ ಕರೆಂಟ್ ಎಳೆದರೆ ಸ್ಟಾರ್ಟರ್ ಬೀಳಿಸುವ ಓವರ್‌ಲೋಡ್ ರಿಲೇ ಅದರೊಳಗಿದೆ, ಅದನ್ನು ಭಾಯ್ ಮೋಟಾರಿನ ಪ್ಲೇಟಿನಲ್ಲಿದ್ದ ಆಂಪ್ಸ್ ಓದಿ ಅಷ್ಟಕ್ಕೇ ತಿರುಗಿಸಿಟ್ಟರು. ಮೊಂಡು ಬ್ಲೇಡಿನಲ್ಲಿ ಮರ ಒತ್ತಿದರೆ ಈಗ ಸ್ಟಾರ್ಟರೇ ಬೀಳುತ್ತದೆ.

ಮಣೆ ಮುಗಿದಿದೆ. ಒಂದು ಕಾಲು ಕೊಂಚ ಕುಂಟು. ಅಮ್ಮ ಅದರ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾರೆ. ಟೀ ತಂದರೆ ಮಾತ್ರ ಶೆಡ್ಡಿನ ಒಳಗೆ ಕಾಲಿಡುವುದಿಲ್ಲ. ನನ್ನ ಹಳೇ ಹವಾಯಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತು, "ಮೊದ್ಲು ಅದನ್ನ ಆಫ್ ಮಾಡ್ಲಾ" ಅನ್ನುತ್ತಾರೆ.