ಎದುರಿನವರ ಮಾತು ಕೇಳುವ ನಟ

ಹಾಸನದಲ್ಲಿ ಸಿನಿಮಾ ಬಿಟ್ಟು ಹೊರಬರುವ ಜನರು ನಟನೆಯನ್ನು ಮೆಚ್ಚಿ ಮಾತಾಡುವುದು ಸಾಮಾನ್ಯವಾಗಿ ಎರಡೇ ಸಂದರ್ಭಗಳ ಬಗ್ಗೆ: ನಾಯಕ ಅಬ್ಬರಿಸಿದ್ದು, ಇಲ್ಲವೇ ಬಿಕ್ಕಿ ಬಿಕ್ಕಿ ಅತ್ತಿದ್ದು. ಉಳಿದ ಹೊತ್ತು ಅವನು ತೆರೆಯ ಮೇಲೆ ಏನು ಮಾಡುತ್ತಿದ್ದ ಎಂದು ಯಾರೂ ಕೇಳುವುದಿಲ್ಲ. ನನಗೆ ಕುತೂಹಲವಿರುವುದು ಆ ಉಳಿದ ಹೊತ್ತಿನಲ್ಲೇ, ಅದರಲ್ಲೂ ಎದುರಿನ ಪಾತ್ರ ಮಾತಾಡುತ್ತಿರುವಾಗ ಇವನು ಹೇಗೆ ನಿಂತಿದ್ದ ಎಂಬುದರಲ್ಲಿ. ಕೇಳಿಸಿಕೊಳ್ಳುವುದು ನಟನೆಯ ದೊಡ್ಡ ಪಾಲು ಎಂಬುದು ನನ್ನ ಅಭಿಪ್ರಾಯ. ಕೇಳಿಸಿಕೊಳ್ಳಲು ಯೋಗ್ಯವಾದದ್ದನ್ನು ಕಥೆಯೇ ಒದಗಿಸದಿದ್ದರೆ ಎಂಥ ನಟನಾದರೂ ತನ್ನ ಸರದಿಗೆ ಕಾಯುತ್ತ ನಿಲ್ಲುವುದು ಬಿಟ್ಟು ಬೇರೇನು ಮಾಡಿಯಾನು?

ಈ ಗೀಳು ನನಗೆ ಅಂಟಿದ್ದು ಚಿತ್ರಮಂದಿರದಲ್ಲಲ್ಲ, ಪೌರಾಣಿಕ ನಾಟಕಗಳಲ್ಲಿ. ನಮ್ಮ ಸೀಮೆಯಲ್ಲಿ ಕುರುಕ್ಷೇತ್ರ ನಾಟಕದ ಹುಚ್ಚು ಇನ್ನೂ ಇಳಿದಿಲ್ಲ. ಊರಹಬ್ಬದಲ್ಲಿ ಇಡೀ ರಾತ್ರಿ ನಡೆಯುವುದು ಒಂದಾದರೆ, ನಗರದ ಹಾಸನಾಂಬ ಕಲಾಕ್ಷೇತ್ರದಲ್ಲಿ ಹಳ್ಳಿಯ ತಂಡಗಳು ಬಂದು ಆಡುವುದು ಇನ್ನೊಂದು. ಪಾತ್ರ ಬೇಕಾದವರು ಪಾತ್ರಕ್ಕೆ ಇಂತಿಷ್ಟು ಎಂದು ಕೈಯಿಂದ ದುಡ್ಡು ಹಾಕಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಕಂದ, ಸೀಸಪದ್ಯಗಳನ್ನು ಕಲಿಯುತ್ತಾರೆ. ದುರ್ಯೋಧನನ ಪಾತ್ರಕ್ಕೆ ದುಡ್ಡೂ ಹೆಚ್ಚು, ಶಿಳ್ಳೆಯೂ ಹೆಚ್ಚು. ಆದರೆ ನನ್ನ ಮಟ್ಟಿಗೆ ಆ ನಾಟಕದಲ್ಲಿ ನಟನ ನಿಜವಾದ ಪರೀಕ್ಷೆ ಕರ್ಣ ಮತ್ತು ಕುಂತಿಯರ ಭೇಟಿ. ಕುಂತಿ ತಾನು ಹೆತ್ತ ತಾಯಿಯೆಂದು ಹಾಡಿ ಹೇಳುತ್ತಿರುವಾಗ ಹೆಚ್ಚಿನ ಕರ್ಣರು ಎದೆಯ ಮೇಲಿನ ಹಾರ ಸರಿಪಡಿಸಿಕೊಳ್ಳುತ್ತಾರೆ, ಭುಜಕೀರ್ತಿ ಮುಟ್ಟಿ ನೋಡಿಕೊಳ್ಳುತ್ತಾರೆ, ಶ್ರುತಿಗಾಗಿ ಮೇಷ್ಟ್ರ ಕಡೆಗೆ ಕಳ್ಳನೋಟ ಬೀರುತ್ತಾರೆ. ಒಮ್ಮೆ ಮಾತ್ರ, ಹಗಲು ಹೊಲ ನೋಡಿಕೊಂಡಿದ್ದ ಮಧ್ಯವಯಸ್ಕರೊಬ್ಬರು ಕುಂತಿಯ ಮುಖದಿಂದ ಕಣ್ಣು ಕೀಳದೆ, ಬಿಲ್ಲು ಹಿಡಿದ ಕೈಯನ್ನು ತಮಗೇ ಅರಿವಿಲ್ಲದಂತೆ ಇಳಿಬಿಟ್ಟು ನಿಂತದ್ದನ್ನು ಕಂಡೆ. ಅವರ ಕಂಠ ಅಷ್ಟಕ್ಕಷ್ಟೇ. ಪದ್ಯದಲ್ಲಿ ಎರಡು ಕಡೆ ಶ್ರುತಿ ತಪ್ಪಿತು. ಆದರೂ ಆ ರಾತ್ರಿ ಸಭೆ ನಿಶ್ಶಬ್ದವಾದದ್ದು ಅವರಿಗೇ.

ಆದ್ದರಿಂದ, ಸಿನಿಮಾದಲ್ಲಿ ಅತಿಯಾದ ಅಭಿನಯ ಕಂಡಾಗ ‘ನಾಟಕ ಆಡಿದ ಹಾಗಿದೆ’ ಎಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೊನೆಯ ಸಾಲಿನವರಿಗೂ ತಲುಪಬೇಕಾದ ನಾಟಕಕ್ಕೆ ದೊಡ್ಡ ದನಿ, ದೊಡ್ಡ ಕೈಚಲನೆ ಬೇಕೇ ಬೇಕು. ಸಿನಿಮಾದ ತೊಂದರೆ ಅಬ್ಬರದ್ದಲ್ಲ. ಆ ಅಬ್ಬರದ ಹಿಂದೆ ಕರ್ಣನಿಗಿದ್ದಂಥ ಇಕ್ಕಟ್ಟು ಇಲ್ಲದಿರುವುದೇ ತೊಂದರೆ.

ನಮ್ಮ ಸಕಲೇಶಪುರದ ಮಳೆಯಲ್ಲೂ ಚಿತ್ರೀಕರಣಗೊಂಡ ‘ಮುಂಗಾರು ಮಳೆ’ 2006ರ ಕೊನೆಯಲ್ಲಿ ಬಂದಾಗ ಜನ ಹಾಡುಗಳಿಗೆ, ಜೋಗದ ದೃಶ್ಯಗಳಿಗೆ, ಗಣೇಶ್ ಅವರ ಪಟಪಟ ಮಾತಿಗೆ ಮರುಳಾದರು. ನಾನೂ ಆದೆ. ಆದರೆ ಆ ಚಿತ್ರವನ್ನು ಹಿಡಿದು ನಿಲ್ಲಿಸಿರುವುದು ಮದುವೆಗೆ ಮುಂಚಿನ ಒಂದು ದೃಶ್ಯ ಎಂದೇ ನನ್ನ ಎಣಿಕೆ. ಹುಡುಗಿಯನ್ನು ಮದುವೆಯಾಗಲು ಬಯಸಿದ ಪ್ರೀತಮ್‌ಗೆ ಅವಳ ತಂದೆ, ಅಂದರೆ ಅನಂತ್ ನಾಗ್ ಅವರ ಕರ್ನಲ್, ತನ್ನ ಹೃದಯದ ಕಾಯಿಲೆಯನ್ನೂ, ಮಗಳ ಮದುವೆಯೊಂದೇ ತನಗೆ ಉಳಿದಿರುವ ಕೆಲಸವೆಂಬುದನ್ನೂ ಹೇಳಿಕೊಳ್ಳುತ್ತಾನೆ. ಅಲ್ಲಿಯವರೆಗೆ ಮೊಲದೊಂದಿಗೂ ಮಾತು ನಿಲ್ಲಿಸದ ಹುಡುಗನಿಗೆ ಈಗ ಹೇಳಲಾಗದ ಮಾತೊಂದು ಉಳಿಯುತ್ತದೆ. ಕಥೆ ಅವನ ಬಾಯಿ ಕಟ್ಟಿದ ಮೇಲೆಯೇ ಗಣೇಶ್ ಎಂಬ ನಟ ಪೂರ್ತಿಯಾಗಿ ಕಾಣಿಸುವುದು. ಅಷ್ಟು ಹೊತ್ತಿನ ತಮಾಷೆಯೆಲ್ಲ ಆ ಮೌನದ ಬೆಲೆ ಹೆಚ್ಚಿಸಲು ಬಂದದ್ದೆಂದು ಆಗ ತಿಳಿಯುತ್ತದೆ. ಇದನ್ನು ಚಿತ್ರಕಥೆಯ ಜಾಣತನವೆನ್ನದೆ ಬೇರೆ ದಾರಿಯಿಲ್ಲ.

ಅದೇ ಅನಂತ್ ನಾಗ್ 2018ರ ‘ಕೆ.ಜಿ.ಎಫ್.’ ಮೊದಲ ಭಾಗದಲ್ಲಿ ಪತ್ರಕರ್ತನಾಗಿ ಕುಳಿತು ನಾಯಕನ ಕಥೆಯನ್ನು ವರ್ಣಿಸುತ್ತಾರೆ. ಬಿಲ್ಡಪ್ ಎಂದು ನಾವು ಕರೆಯುವುದರ ಹದಗೊಂಡ ರೂಪ ಇದು: ನಾಯಕ ಏನಾಗಿದ್ದಾನೆಂಬುದನ್ನು ಸುತ್ತಲಿನವರು ಹೇಳಿಬಿಡುವುದರಿಂದ ಅವನು ಹಾಗೆ ಆಗಿ ತೋರಿಸುವ ಹೊಣೆಯಿಂದ ಪಾರಾಗುತ್ತಾನೆ. ಯಶ್ ಅವರಿಗೆ ಶಕ್ತಿಯಿಲ್ಲವೆಂದಲ್ಲ. ಗಣಿಯೊಳಗೆ ಗುಲಾಮರ ನಡುವೆ ಸೇರಿಕೊಂಡು, ಕಣ್ಣೆದುರಿನ ಕ್ರೌರ್ಯ ಕಂಡೂ ಗುರುತು ಬಿಟ್ಟುಕೊಡದೆ ಇರಬೇಕಾದ ಭಾಗದಲ್ಲಿ ಅವರ ದವಡೆ, ಕಣ್ಣು ಎರಡೂ ಕೆಲಸ ಮಾಡುತ್ತವೆ, ಏಕೆಂದರೆ ಅಲ್ಲಿ ಅದುಮಿಡಬೇಕಾದದ್ದೊಂದು ಇದೆ. ಉಳಿದೆಡೆ ಅವರ ಪಾಲಿಗೆ ನಡಿಗೆ ಮತ್ತು ಸ್ಲೋ ಮೋಷನ್. ಈ ಚಿತ್ರ ಗೆದ್ದ ಮೇಲೆ ಬಂದ ಅನುಕರಣೆಗಳಂತೂ ಗಣಿಯ ಭಾಗವನ್ನು ಬಿಟ್ಟು ವರ್ಣನೆಯನ್ನಷ್ಟೇ ಎತ್ತಿಕೊಂಡವು. ಅಂಥವುಗಳಲ್ಲಿ ಹಿನ್ನೆಲೆ ಸಂಗೀತ ಎಷ್ಟು ಜೋರಾಗಿರುತ್ತದೆಂದರೆ ಸಂಭಾಷಣೆಯನ್ನು ಪಕ್ಕದವರನ್ನು ಕೇಳಿ ತಿಳಿದುಕೊಳ್ಳಬೇಕಾಗುತ್ತದೆ.

2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದ ವೆಂಕೋಬ ರಾವ್ ಪಾತ್ರವನ್ನು ಎಲ್ಲರೂ ಹೊಗಳಿದ್ದಾರೆ. ಮರೆವಿನ ಕಾಯಿಲೆಯ ಮುದುಕನಾಗಿ ಅನಂತ್ ನಾಗ್ ಒಂದು ಕಣ್ಣೀರನ್ನೂ ಬೇಡುವುದಿಲ್ಲ ಎಂಬುದಷ್ಟನ್ನೇ ಸೇರಿಸಿ ಮುಂದೆ ಹೋಗುತ್ತೇನೆ.

ನಾಯಕಿಯರ ವಿಷಯದಲ್ಲಿ ಇನ್ನೊಂದು ತಕರಾರಿದೆ. ಕನ್ನಡ ಬಾರದವರನ್ನು ಕರೆತಂದು ಬೇರೊಬ್ಬರ ದನಿ ಕೂಡಿಸುವ ಪದ್ಧತಿಯಲ್ಲಿ ಮುಖ ಒಬ್ಬರದು, ಉಸಿರು ಇನ್ನೊಬ್ಬರದು ಆಗುತ್ತದೆ. ಆ ಮುಖ ಎದುರಿನವರ ಮಾತಿನ ಅರ್ಥವನ್ನೇ ತಿಳಿಯದೆ ನಗುತ್ತಿರುವುದು ಕ್ಲೋಸಪ್‌ನಲ್ಲಿ ಎದ್ದು ಕಾಣುತ್ತದೆ. 2023ರ ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದಲ್ಲಿ, ತಾನು ಮಾಡದ ಅಪರಾಧವನ್ನು ಹೊತ್ತು ಜೈಲು ಸೇರಿದ ಹುಡುಗನನ್ನು ನೋಡಲು ಬರುವ ಪ್ರಿಯಾಳಾಗಿ ರುಕ್ಮಿಣಿ ವಸಂತ್ ಮಾಡಿದ್ದನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಹಳೆಯದರಲ್ಲಿ ನಾನು ಮತ್ತೆ ಮತ್ತೆ ನೋಡುವುದು 1972ರ ‘ನಾಗರಹಾವು’. ಎಲ್ಲರ ಕಣ್ಣು ವಿಷ್ಣುವರ್ಧನ್ ಅವರ ರಾಮಾಚಾರಿಯ ಮೇಲಿದ್ದರೆ ನನ್ನದು ಕೆ.ಎಸ್. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರ ಮೇಲೆ. ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ ಹೆಣೆದ ಈ ಕಥೆಯಲ್ಲಿ ಅನಾಹುತ ಮಾಡುವವನು ಖಳನಾಯಕನೊಬ್ಬನೇ ಅಲ್ಲ, ಪ್ರೀತಿಯಿಂದ ಬುದ್ಧಿ ಹೇಳಿದ ಒಳ್ಳೆಯ ಮನುಷ್ಯನೂ ಹೌದು. ಅವರ ಮಾತು ಕೇಳಿ ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ, ಅವಳ ಬಾಳು ಬೀದಿಗೆ ಬೀಳುತ್ತದೆ. ಮೇಷ್ಟ್ರು ಮತ್ತೊಮ್ಮೆ ಅದೇ ಬುದ್ಧಿ ಹೇಳಲು ಬಂದಾಗ ಶಿಷ್ಯನ ಮಾತನ್ನು ಕೇಳಿಸಿಕೊಳ್ಳುವ ಅಶ್ವತ್ಥ್ ಅವರ ಮುಖದಲ್ಲಿ ಅಧಿಕಾರವೂ ಇದೆ, ತನ್ನದೇ ತೀರ್ಪಿನ ಬಗ್ಗೆ ಹುಟ್ಟಿದ ಅಳುಕೂ ಇದೆ. ಅಷ್ಟಾದ ಮೇಲೆ ಎಲ್ಲರನ್ನೂ ಬೆಟ್ಟದ ತುದಿಗೆ ತಂದು ಪ್ರಪಾತಕ್ಕೆ ಬೀಳಿಸಿದ್ದು ನನಗೆ ಅವಸರದ ತೀರ್ಮಾನವೆಂದೇ ಅನ್ನಿಸುತ್ತದೆ. ಮೇಷ್ಟ್ರು ಬದುಕುಳಿದು ಅಲಮೇಲುವಿನ ಎದುರು ಒಮ್ಮೆ ಕೂರುವಂತಾಗಿದ್ದರೆ, ಆ ದೃಶ್ಯವನ್ನು ಅಶ್ವತ್ಥ್ ಹೇಗೆ ನಿಭಾಯಿಸುತ್ತಿದ್ದರೆಂದು ನೋಡುವ ಆಸೆ ನನಗಿತ್ತು.