ಗೌಡ್ರ ಮನೆ ಟ್ಯಾಂಕ್‌ನಲ್ಲಿ 76 ದಿನ ಮೀನಿರಲಿಲ್ಲ

ಶಿವಮೊಗ್ಗದಲ್ಲಿ ನನ್ನದೊಂದು ಅಕ್ವೇರಿಯಂ ಅಂಗಡಿ ಇದೆ. ಮೊದಲೆಲ್ಲ ಸಿಹಿನೀರಿನ ಮೀನು ಮಾತ್ರ ಮಾರುತ್ತಿದ್ದೆ. ಗೋಲ್ಡ್ ಫಿಶ್, ಗಪ್ಪಿ, ಏಂಜೆಲ್. ಅವುಗಳಿಗೆ ಬಿಳಿ ಚುಕ್ಕೆ ರೋಗ ಬಂದರೆ ಏನು ಮಾಡಬೇಕು ಅಂತ ಚೆನ್ನಾಗಿ ಗೊತ್ತಿತ್ತು. ಹೀಟರ್ ಜಾಸ್ತಿ ಮಾಡು, ಸ್ವಲ್ಪ ಉಪ್ಪು ಹಾಕು, ವಾರದಲ್ಲಿ ಸರಿ ಹೋಗುತ್ತೆ. ಆಮೇಲೆ ಸಮುದ್ರದ ಮೀನಿಗೂ ಕೈ ಹಾಕಿದೆ. ಹಳೆಯ ಅನುಭವ ಅಲ್ಲೂ ನಡೆಯುತ್ತೆ ಅಂದುಕೊಂಡಿದ್ದೇ ನನ್ನ ತಪ್ಪು.

ತೀರ್ಥಹಳ್ಳಿ ಹತ್ತಿರ ತೋಟದ ಮನೆಯ ಗೌಡ್ರೊಬ್ಬರಿಗೆ ಆರು ಅಡಿ ಟ್ಯಾಂಕ್ ಮಾಡಿಕೊಟ್ಟಿದ್ದೆ. ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು, ಸೀಗಡಿ, ಬಸವನಹುಳ, ಒಂದಿಷ್ಟು ಕೋರಲ್ (ಹವಳ). ಮಳೆಗಾಲ ಶುರುವಾಗೋ ಹೊತ್ತಿಗೆ ಅವರ ಮೊಮ್ಮಗಳು ನೀಲಿ ಮೀನು ಬೇಕು ಅಂದಳು. ಬೆಂಗಳೂರಿನಿಂದ ರಾತ್ರಿ ಬಸ್ಸಲ್ಲಿ ಬ್ಲೂ ಟ್ಯಾಂಗ್ ತರಿಸಿದೆ. ಬೆಳಿಗ್ಗೆ ಬಂದ ಮೀನನ್ನು ಮಧ್ಯಾಹ್ನವೇ ಟ್ಯಾಂಕ್‌ಗೆ ಬಿಟ್ಟೆ.

ಐದನೇ ದಿನ ಫೋನ್ ಬಂತು. "ಎಂತ ಮಾರಾಯ, ಮೀನಿನ ಮೈಮೇಲೆ ರವೆ ಉದುರಿಸಿದ ಹಾಗೆ ಆಗಿದೆಯಲ್ಲ?"

ಹೋಗಿ ನೋಡಿದೆ. ರೆಕ್ಕೆಯ ಅಂಚಲ್ಲಿ, ಕಣ್ಣಿನ ಸುತ್ತ ಸಣ್ಣ ಬಿಳಿ ಚುಕ್ಕೆಗಳು. ಮೀನು ಓಡಿ ಬಂದು ಬಂಡೆಗೆ ಮೈ ಉಜ್ಜುತ್ತಿತ್ತು. ಕಿವಿರು ಜೋರಾಗಿ ಬಡಿಯುತ್ತಿತ್ತು. ಹೀಟರನ್ನು 30 ಡಿಗ್ರಿಗೆ ಏರಿಸಿದೆ. ಕೋರಲ್‌ಗೆ ಏನೂ ಆಗಲ್ಲ ಅಂತ ಬಾಟಲಿ ಮೇಲೆ ಬರೆದಿದ್ದ ಒಂದು ಔಷಧಿಯನ್ನೂ ಹಾಕಿದೆ. ನಾಲ್ಕೇ ದಿನಕ್ಕೆ ಚುಕ್ಕೆ ಮಾಯ. "ಗೌಡ್ರೇ, ಇನ್ನು ಹೆದರಬೇಡಿ" ಅಂದೆ. ಅವರ ಮನೆಯವರು ಕಡುಬು ಮಾಡಿ ಊಟ ಹಾಕಿ ಕಳಿಸಿದರು.

ಹನ್ನೆರಡು ದಿನ ಕಳೆದ ಮೇಲೆ ಮತ್ತೆ ಫೋನ್. ಈ ಸಲ ಎಲ್ಲ ಮೀನಿಗೂ ಚುಕ್ಕೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ಬ್ಲೂ ಟ್ಯಾಂಗ್ ಸತ್ತಿತ್ತು. ಆ ಮಗು ಟ್ಯಾಂಕ್ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ.

ಆಮೇಲೆ ಕೂತು ಸರಿಯಾಗಿ ಕಲಿತೆ. ಬಿಳಿ ಚುಕ್ಕೆ ರೋಗಕ್ಕೆ ಇಕ್ ಅಂತಾರೆ. ಸಿಹಿನೀರಿನ ಇಕ್ ಬೇರೆ ಜೀವಿ, ಸಮುದ್ರದ ಇಕ್ ಬೇರೆ ಜೀವಿ. ಸಮುದ್ರದ್ದರ ಹೆಸರು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್. ಮೀನಿನ ಚರ್ಮದೊಳಗೆ 3ರಿಂದ 7 ದಿನ ಇದ್ದು ಮೇಯುತ್ತೆ. ನಮಗೆ ಕಾಣೋ ಚುಕ್ಕೆ ಅದೇ. ಹೊಟ್ಟೆ ತುಂಬಿದ ಮೇಲೆ ತಾನೇ ಉದುರಿ ಮರಳಿಗೋ ಬಂಡೆಗೋ ಅಂಟಿಕೊಂಡು ಗಟ್ಟಿ ಕೋಶ ಕಟ್ಟುತ್ತೆ. ಹೆಚ್ಚಾಗಿ ಕತ್ತಲಲ್ಲೇ ಉದುರೋದು. ಅದಕ್ಕೇ ರಾತ್ರಿ ಇದ್ದ ಚುಕ್ಕೆ ಬೆಳಿಗ್ಗೆ ಇರಲ್ಲ. ಕೋಶದೊಳಗೆ ಒಂದು ಇದ್ದದ್ದು ನೂರಾರು ಆಗಿ, ಒಡೆದು, ಈಜುತ್ತಾ ಮತ್ತೆ ಮೀನು ಹುಡುಕುತ್ತವೆ. ಅಂದರೆ ಗೌಡ್ರ ಮನೆಯಲ್ಲಿ ನಾಲ್ಕನೇ ದಿನ ಚುಕ್ಕೆ ಹೋಗಿದ್ದು ನನ್ನ ಔಷಧಿಯಿಂದ ಅಲ್ಲ. ನಾನು ಕಡುಬು ತಿನ್ನುತ್ತಾ ಕೂತಿದ್ದಾಗ ಅವು ಮರಳಲ್ಲಿ ಮರಿ ಮಾಡುತ್ತಿದ್ದವು. ಬಿಸಿಗೂ ಅವು ಸಾಯಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ಕಡಿಮೆ. ಕಿವಿರು ಹಾಳಾದ ಮೀನಿಗೆ ಅದು ಇನ್ನೂ ಕಷ್ಟ.

ಉಳಿದ ಮೂರು ಮೀನನ್ನು ಬಕೆಟ್‌ನಲ್ಲಿ, ಬ್ಯಾಟರಿ ಏರ್ ಪಂಪ್ ಹಾಕಿಕೊಂಡು ಅಂಗಡಿಗೆ ತಂದೆ. ಬೇರೆ ಟಬ್‌ನಲ್ಲಿ ತಾಮ್ರದ ಔಷಧಿ ಶುರು ಮಾಡಿದೆ. ತಾಮ್ರವನ್ನು ಮುಖ್ಯ ಟ್ಯಾಂಕ್‌ಗೆ ಯಾವತ್ತೂ ಹಾಕಬಾರದು. ಸೀಗಡಿ, ಬಸವನಹುಳ, ಕೋರಲ್ ಎಲ್ಲ ಸಾಯುತ್ತವೆ. ನಾನು ಬಳಸಿದ್ದು ಕೀಲೇಟೆಡ್ ತಾಮ್ರ, ಅಂದರೆ ಇನ್ನೊಂದು ರಾಸಾಯನಿಕಕ್ಕೆ ಕಟ್ಟಿಹಾಕಿದ ತಾಮ್ರ. ಅದು ಲೀಟರಿಗೆ 2ರಿಂದ 2.5 ಮಿಲಿಗ್ರಾಂ ಇರಬೇಕು, ಬಿಡದೆ 30 ದಿನ. ಹಾಗೆ ಕಟ್ಟಿಹಾಕದ ಅಯಾನಿಕ್ ತಾಮ್ರದ ಅಳತೆ ಬೇರೆ, ತುಂಬಾ ಕಡಿಮೆ. ಎರಡನ್ನೂ ಒಂದೇ ಅಂದುಕೊಂಡರೆ ಮೀನು ಉಳಿಯಲ್ಲ. ಒಂದೇ ಸಲ ಸುರಿಯದೆ ನಾಲ್ಕೈದು ದಿನದಲ್ಲಿ ಮೆಲ್ಲಗೆ ಏರಿಸಿ.

ಆರನೇ ದಿನ ಟೆಸ್ಟ್ ಮಾಡಿದರೆ 1.6 ತೋರಿಸಿತು. ಹಿಂದಿನ ದಿನ 2.2 ಇತ್ತು. ಕಿಟ್ ಕೆಟ್ಟಿದೆಯೇನೋ ಅಂತ ಎರಡು ಸಲ ನೋಡಿದೆ. ಮೀನಿಗೆ ಅಡಗೋಕೆ ಇರಲಿ ಅಂತ ಟಬ್‌ನಲ್ಲಿ ಒಂದು ಬಂಡೆ ಇಟ್ಟಿದ್ದೆ, ಅದು ತಾಮ್ರ ಹೀರಿಕೊಳ್ಳುತ್ತಿತ್ತು. ಬಂಡೆ ತೆಗೆದು ಪಿವಿಸಿ ಪೈಪಿನ ತುಂಡು ಹಾಕಿದೆ. ದಿನದ ಲೆಕ್ಕ ಮತ್ತೆ ಒಂದರಿಂದ ಶುರು. ಬೇಜಾರಾಯ್ತು ನಿಜ, ಆದರೆ ಈ ಲೆಕ್ಕದಲ್ಲಿ ರಿಯಾಯಿತಿ ಇಲ್ಲ. ತಾಮ್ರ ಕೊಲ್ಲೋದು ಈಜುವ ಮರಿಗಳನ್ನು ಮಾತ್ರ. ಚರ್ಮದೊಳಗೆ ಇರೋದಕ್ಕೂ ಕೋಶದೊಳಗೆ ಇರೋದಕ್ಕೂ ಅದು ತಟ್ಟಲ್ಲ. ಅಳತೆ ಇಳಿದ ದಿನ ಮರಿ ಹೊರಗೆ ಬಂದರೆ ಎಲ್ಲ ಮೊದಲಿಂದ.

ಇತ್ತ ಮುಖ್ಯ ಟ್ಯಾಂಕ್‌ನಲ್ಲಿ ಮೀನೇ ಇಲ್ಲದೆ 76 ದಿನ ಬಿಟ್ಟೆವು. ಕೋಶ 72 ದಿನದ ತನಕ ತಡೆದು ಒಡೆದಿದ್ದು ದಾಖಲಾಗಿದೆ, ಅದಕ್ಕೇ ಈ ಲೆಕ್ಕ. ಸೀಗಡಿಗೆ, ಕೋರಲ್‌ಗೆ ಈ ರೋಗ ಬರಲ್ಲ, ಹಾಗಾಗಿ ಅವು ಅಲ್ಲೇ ಇದ್ದವು. ನಮ್ಮ ಮಳೆಗಾಲದ ಚಳಿಗೆ ಕೋಶ ನಿಧಾನ ಆಗದಿರಲಿ ಅಂತ ಹೀಟರ್ 27ರಲ್ಲಿ ಇಟ್ಟೆವು. ಖಾಲಿ ಟ್ಯಾಂಕ್‌ಗೆ ಕರೆಂಟು ಯಾಕೆ ಅಂತ ಗೌಡ್ರು ಒಂದು ದಿನವೂ ಕೇಳಲಿಲ್ಲ. ಗೋಡೆ ಕ್ಯಾಲೆಂಡರಲ್ಲಿ ಮೊಮ್ಮಗಳು ದಿನಾ ಗೀಟು ಹಾಕುತ್ತಿದ್ದಳು.

ಮಲೆನಾಡಲ್ಲಿ ಇನ್ನೊಂದು ತೊಂದರೆ ಇದೆ. ಇಲ್ಲಿ ಜುಲೈನಲ್ಲಿ ಏನೂ ಒಣಗಲ್ಲ. ಒದ್ದೆ ಬಲೆಯಲ್ಲಿ, ಒದ್ದೆ ಕೈಯಲ್ಲಿ, ಒಂದು ಹನಿ ನೀರಲ್ಲೂ ರೋಗ ಒಂದು ಟ್ಯಾಂಕ್‌ನಿಂದ ಇನ್ನೊಂದಕ್ಕೆ ಹೋಗುತ್ತೆ. ಈಗ ಪ್ರತಿ ಟಬ್‌ಗೆ ಬೇರೆ ಬಲೆ, ಬೇರೆ ಮಗ್. ತೊಳೆದ ಬಲೆಗಳನ್ನು ಮನೆಗೆ ತಂದು ಬಚ್ಚಲ ಒಲೆಯ ಪಕ್ಕ ನೇತು ಹಾಕುತ್ತೇನೆ. ಅಮ್ಮ ಮೊದಲು ಗೊಣಗಿದರು, ಈಗ ಅವರೇ ತಿರುವಿ ಹಾಕುತ್ತಾರೆ.

ಬೆಳ್ಳುಳ್ಳಿ ರಸ ಕೊಡಬಹುದಾ, ಮೀನಿನ ಮೈಯಿಂದ ಹುಳ ಹೆಕ್ಕಿ ತಿನ್ನೋ ಕ್ಲೀನರ್ ಸೀಗಡಿ ಬಿಟ್ಟರೆ ಸಾಕಾ ಅಂತ ತುಂಬಾ ಜನ ಕೇಳುತ್ತಾರೆ. ಸಾಕಾಗಲ್ಲ. ಆ ಬಾಟಲಿ ಔಷಧಿ ಮಾರೋದನ್ನೂ ನಿಲ್ಲಿಸಿದ್ದೇನೆ. ಅದರ ಬದಲು ಹೊಸ ಮೀನು ಕೇಳಿದವರಿಗೆ ಒಂದು ತಿಂಗಳು ಕಾಯಿರಿ ಅನ್ನುತ್ತೇನೆ. ಮೀನು ಅಂಗಡಿಯ ಟಬ್‌ನಲ್ಲೇ ಇರುತ್ತೆ, ದುಡ್ಡು ಆಮೇಲೆ ಕೊಡಿ ಅನ್ನುತ್ತೇನೆ. ಕೆಲವರು ಬೇರೆ ಕಡೆ ಹೋಗುತ್ತಾರೆ. ಹೋಗಲಿ.

ಆರಿದ್ರೆ ಮಳೆಯಲ್ಲಿ ಖಾಲಿ ಮಾಡಿದ ಟ್ಯಾಂಕ್‌ಗೆ ಹುಬ್ಬೆ ಮಳೆಯಲ್ಲಿ ಆ ಮೂರೂ ಮೀನು ವಾಪಸ್ ಹೋದವು. ಮೊಮ್ಮಗಳಿಗೆ ಅಂತ ತರಿಸಿದ ಇನ್ನೊಂದು ಬ್ಲೂ ಟ್ಯಾಂಗ್ ಈಗ ನನ್ನ ಟಬ್‌ನಲ್ಲಿದೆ. ಇವತ್ತಿಗೆ ಹತ್ತೊಂಬತ್ತನೇ ದಿನ. ಬೆಳಿಗ್ಗೆ ತಾಮ್ರ 2.3 ಇತ್ತು. ಪೈಪಿನಿಂದ ಹೊರಗೆ ಬಂದು ನನ್ನ ಕೈಯಿಂದಲೇ ನೋರಿ (ಒಣಗಿಸಿದ ಸಮುದ್ರದ ಪಾಚಿ) ತಿಂತು.