ಡಬ್ಬಿಯಲ್ಲಿ ಆರು, ಮುಚ್ಚಳದಲ್ಲಿ ಏಳು

"ನುಂಗಿದೆಯಾ?" ಅಂತ ಮೂರನೇ ಸಲ ಕೇಳಿದಾಗ ಹುಡುಗ ಹೂಂ ಎಂದು ತಲೆಯಾಡಿಸಿದ. ಮೊದಲೆರಡು ಸಲ ಇಲ್ಲ ಎಂದಿದ್ದ.

ಒಂದನೇ ತರಗತಿಗೆ ನಾಣ್ಯದ ಪಾಠ. ಕಲಿಕಾ ಸಾಮಗ್ರಿಯ (ಟಿಎಲ್‌ಎಂ) ಕಿಟ್‌ನಲ್ಲಿ ನಮಗೆ ಬಂದಿದ್ದು ಲ್ಯಾಮಿನೇಟ್ ಮಾಡಿದ ಬಿಲ್ಲೆಗಳು. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ, ಮೇಲಿನ ಅಂಕಿ ಮಾತ್ರ ಬೇರೆ. ಇವನ್ನು ಕೊಟ್ಟರೆ ಮಕ್ಕಳು ಅಂಕಿ ಓದುತ್ತಾರೆ ಅಷ್ಟೆ. ನಾಣ್ಯ ಗುರುತಿಸುವುದು ಬೇರೆಯೇ ಕೆಲಸ. ನಿಜವಾದ ನಾಣ್ಯ ಕೈಗೆ ಬಂದಾಗ ಮಗು ಮೊದಲು ನೋಡುವುದು ಗಾತ್ರ. ದೊಡ್ಡದು ಅಂದರೆ ಜಾಸ್ತಿ ಅಂದುಕೊಳ್ಳುತ್ತದೆ. ಆದರೆ ಅಮೆರಿಕದ 10 ಸೆಂಟ್ ನಾಣ್ಯ ಅಲ್ಲಿನ 5 ಸೆಂಟ್ ನಾಣ್ಯಕ್ಕಿಂತ ಚಿಕ್ಕದು. ಯೂರೋದಲ್ಲೂ ಹಾಗೇ: 10 ಸೆಂಟ್ 19.75 ಮಿಲಿಮೀಟರ್, 5 ಸೆಂಟ್ 21.25. ಇಂಥ ಗೊಂದಲ ನಾಣ್ಯ ಮುಟ್ಟದೆ ಬಿಡುವುದಿಲ್ಲ. ಎರಡು ಸ್ಟಾಫ್ ಮೀಟಿಂಗ್‌ನಲ್ಲಿ ಇದೇ ವಾದ ಮಾಡಿದೆ. ಕೊನೆಗೆ ಶಾಲೆಯ ಮುಖ್ಯಸ್ಥರಾದ ಎಚ್‌ಎಂ, "ಆಯ್ತು, ನಿಮ್ಮ ಜವಾಬ್ದಾರಿ" ಎಂದರು.

ಅದೇ ವಾರ ವರ್ಕ್‌ಶೀಟ್ ತಿದ್ದಿದ್ದೆ. ನಾಣ್ಯಗಳ ಚಿತ್ರ, ಕೆಳಗೆ 'ಒಟ್ಟು ಎಷ್ಟು?' ಅರ್ಧ ತರಗತಿ ನಾಣ್ಯ ಎಷ್ಟಿವೆ ಅಂತ ಎಣಿಸಿ ಬರೆದಿತ್ತು. ನೂರರವರೆಗೆ ಎಣಿಸುವ ಮಕ್ಕಳು, ಗಮನ ಕೊಟ್ಟಿಲ್ಲ ಅಂದುಕೊಂಡು ಕೆಂಪು ಗೆರೆ ಎಳೆದೆ. ಆಮೇಲೆ ಯೋಚಿಸಿದರೆ, ಅವರು ನಾವು ಕಲಿಸಿದ್ದನ್ನೇ ಮಾಡಿದ್ದರು. ಒಂದು ವಸ್ತುವಿಗೆ ಒಂದು ಬೆರಳು, ಒಂದು ಸಂಖ್ಯೆ. ತಿಂಗಳುಗಟ್ಟಲೆ ಅದನ್ನೇ ಹೇಳಿಕೊಟ್ಟು, ಈಗ ಒಂದೇ ವಸ್ತು ತೋರಿಸಿ ಇದು ಎರಡು, ಇದು ಐದು ಅಂದರೆ ಮಗು ಏನು ಮಾಡಬೇಕು? ಹಾಗಾಗಿ ತಟ್ಟಿ ಎಣಿಸುವುದನ್ನು ಶುರು ಮಾಡಿದೆ. ಒಂದರ ನಾಣ್ಯಕ್ಕೆ ಒಂದು ತಟ್ಟು, ಎರಡರದಕ್ಕೆ ಎರಡು, ಐದರದಕ್ಕೆ ಐದು.

ಎಚ್‌ಎಂ ಪಾಠ ನೋಡಿ ಅಭಿಪ್ರಾಯ ಬರೆಯುವ ಅಬ್ಸರ್ವೇಷನ್ ಇದ್ದ ದಿನ ಗುಂಪಿಗೊಂದು ನಾಣ್ಯದ ಡಬ್ಬಿ ಕೊಟ್ಟೆ. ಮಕ್ಕಳೇ ಸರಿನೋಡಿಕೊಳ್ಳಲಿ ಅಂತ ಪ್ರತಿ ಮುಚ್ಚಳದ ಒಳಗೆ ಉತ್ತರದ ಚೀಟಿ ಅಂಟಿಸಿದ್ದೆ. ಎಚ್‌ಎಂ ಫಾರ್ಮ್ಯಾಟ್ ಹಿಡಿದು ಹಿಂದೆ ಕೂತಿದ್ದರು. ಪಾಠ ಚೆನ್ನಾಗೇ ಹೋಯಿತು. ಬೆಲ್ ಆಗಲು ನಾಲ್ಕು ನಿಮಿಷ ಇರುವಾಗ ಡಬ್ಬಿ ವಾಪಸ್ ತೆಗೆದುಕೊಂಡೆ. ಮೊದಲು ಎಣಿಸಿದ್ದು ಕಿಟಕಿ ಪಕ್ಕದ ಗುಂಪಿನದು. ಸುಮ್ನೆ ಅಲ್ಲ. ಆ ಗುಂಪಿನಲ್ಲಿದ್ದ ಹುಡುಗನಿಗೆ ಪೆನ್ಸಿಲ್, ಗುಂಡಿ, ಏನು ಸಿಕ್ಕಿದರೂ ಬಾಯಿಗಿಡುವ ಅಭ್ಯಾಸ.

ಆರು ನಾಣ್ಯ. ಮುಚ್ಚಳದಲ್ಲಿ 7.

ನೆಲ ನೋಡಿದೆ, ಬೆಂಚಿನ ಕೆಳಗೆ ನೋಡಿದೆ, ಅವನ ಜೇಬು ನೋಡಿದೆ. ಚಿಕ್ಕ ಮಕ್ಕಳು ಅತಿ ಹೆಚ್ಚಾಗಿ ನುಂಗುವ ವಸ್ತುಗಳಲ್ಲಿ ನಾಣ್ಯವೂ ಒಂದು ಅಂತ ಫಸ್ಟ್ ಏಡ್ ಟ್ರೈನಿಂಗ್‌ನಲ್ಲಿ ಹೇಳಿದ್ದು ನೆನಪಾಯಿತು. ವಾಂತಿ ಮಾಡಿಸಬಾರದು, ತಿನ್ನಲು ಕೊಡಬಾರದು, ಎಕ್ಸ್‌ರೇ ಬೇಕು. ಅವನ ಮುಂದೆ ಮಂಡಿಯೂರಿ ಕೇಳಿದೆ. ಮತ್ತೆ ಕೇಳಿದೆ. ಮತ್ತೆ ಕೇಳಿದೆ. ಅವನು ಹೂಂ ಅಂದ ಕೂಡಲೇ ಎಚ್‌ಎಂ ಫೋನ್ ಹಿಡಿದು ಹೊರಗೆ ಹೋದರು. ಆಯಮ್ಮ ಓಡಿ ಬಂದರು. ಹುಡುಗ ಅಳಲಿಲ್ಲ. ತನ್ನ ಗಂಟಲನ್ನು ತಾನೇ ಮುಟ್ಟಿ ನೋಡಿಕೊಂಡ.

ಅಷ್ಟರಲ್ಲಿ ಅವನ ಪಕ್ಕದ ಹುಡುಗಿ ಡಬ್ಬಿ ಎಳೆದುಕೊಂಡು ತಟ್ಟತೊಡಗಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಕೊನೆಯ ನಾಣ್ಯದ ಮೇಲೆ ಎರಡು ಸಲ ಬೆರಳಿಟ್ಟಳು. ಆರು, ಏಳು. "ಮಿಸ್, ಏಳೇ ಇದೆ. ಇದು ಎರಡು ಅಲ್ವಾ?"

ಐದು ಒಂದರ ನಾಣ್ಯ, ಒಂದು ಎರಡರ ನಾಣ್ಯ. ಹಾಕಿದ್ದು ನಾನು, ಚೀಟಿ ಬರೆದದ್ದೂ ನಾನು. ಒಂದು ವಾರ ಮಕ್ಕಳಿಗೆ ಯಾವುದಕ್ಕೆ ಕೆಂಪು ಗೆರೆ ಎಳೆದಿದ್ದೆನೋ ಅದೇ ತಪ್ಪು. ಉಳಿದ ಡಬ್ಬಿಗಳಲ್ಲಿ ಒಂದನ್ನು ತೆರೆದಿದ್ದರೂ ಅಲ್ಲಿಯೂ ಲೆಕ್ಕ ಹೊಂದುತ್ತಿರಲಿಲ್ಲ, ಆಗಲೇ ಗೊತ್ತಾಗುತ್ತಿತ್ತು. ನಾನು ತೆರೆಯಲಿಲ್ಲ. ಅವನ ಡಬ್ಬಿ ಎಂದ ಮೇಲೆ ಮನಸ್ಸಿನಲ್ಲಿ ತೀರ್ಮಾನ ಆಗಿಹೋಗಿತ್ತು.

ಎಚ್‌ಎಂ ಬರೆದದ್ದು ಒಂದೇ ಸಾಲು: 'ನಾಣ್ಯಗಳ ಸ್ಟಾಕ್ ಪಟ್ಟಿ ಇಡುವುದು.' ಆ ಹುಡುಗಿ ಎಣಿಸಿದ ರೀತಿಯ ಬಗ್ಗೆ ಒಂದು ಮಾತಿಲ್ಲ. ಕಿಟ್ ಕೂಡ ಬದಲಾಗಿಲ್ಲ. ಪಟ್ಟಿಯ ಮಾತು ಮಾತ್ರ ಸರಿ. ಈಗ ಡಬ್ಬಿಯ ಹೊರಗೆ ನೀಲಿ ಇಂಕಿನಲ್ಲಿ 'ನಾಣ್ಯ 6' ಅಂತ ಬರೆಯುತ್ತೇನೆ, ಒಳಗೆ ಹಸಿರಿನಲ್ಲಿ 'ಬೆಲೆ 7'. ಕೊಡುವಾಗ ಒಮ್ಮೆ, ತೆಗೆದುಕೊಳ್ಳುವಾಗ ಒಮ್ಮೆ ಎಣಿಕೆ.

ಪ್ರಶ್ನೆ ಕೇಳುವ ರೀತಿಯನ್ನೂ ಬದಲಿಸಿಕೊಂಡೆ. 1974ರಲ್ಲಿ ರೋಸ್ ಮತ್ತು ಬ್ಲ್ಯಾಂಕ್ ಎಂಬ ಸಂಶೋಧಕರು ಆರು ವರ್ಷದ ಆಸುಪಾಸಿನ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಸಾಲಾಗಿಟ್ಟ ವಸ್ತುಗಳ ಬಗ್ಗೆ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುವ ಬದಲು ಒಂದೇ ಸಲ ಕೇಳಿದಾಗ ಮಕ್ಕಳ ತಪ್ಪು ಕಡಿಮೆಯಾಯಿತು. ದೊಡ್ಡವರು ಮತ್ತೆ ಕೇಳಿದರೆ ಮೊದಲು ಹೇಳಿದ್ದು ತಪ್ಪು ಅಂತ ಮಗು ತಿಳಿಯುತ್ತದೆ. ಬಿ.ಎಡ್.ನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ.

ಮರುದಿನ ಅವನ ಪಕ್ಕ ಕೂತು ತಪ್ಪು ನನ್ನದು, ನಿನ್ನದಲ್ಲ ಎಂದೆ. ಸರಿ ಮಿಸ್ ಎಂದ. ಈಗ ಅವನು ಹತ್ತರವರೆಗಿನ ನಾಣ್ಯಗಳನ್ನು ತಟ್ಟಿ ಸರಿಯಾಗಿ ಎಣಿಸುತ್ತಾನೆ. ಆದರೆ ಒಟ್ಟು ಹೇಳುವ ಮೊದಲು ತಲೆಯೆತ್ತಿ ನನ್ನ ಮುಖ ನೋಡುತ್ತಾನೆ.